ಹಿಮ ಎಂಥದೋ, ಬಂಡಿ ಅಂಥದು

ಡಿಸೆಂಬರ್ ಬಂತೆಂದರೆ ಬೆಂಗಳೂರಿನ ಅಂಗಡಿಗಳಲ್ಲೂ ಸಾಂತಾ ಕ್ಲಾಸನ ಸ್ಲೆಡ್ಜ್ ಬಂಡಿ ಕಾಣಿಸಿಕೊಳ್ಳುತ್ತದೆ. ಹಿಮಸಾರಂಗಗಳು ಎಳೆಯುವ, ಗಾಲಿಯೇ ಇಲ್ಲದ ಆ ಬಂಡಿ ನಮಗೆ ಹಬ್ಬದ ಅಲಂಕಾರ ಅಷ್ಟೆ. ಉತ್ತರದ ಶೀತನಾಡುಗಳ ಜನರಿಗೆ ಅದು ಬೇಟೆ ತರುವ, ಸೌದೆ ಹೇರುವ, ಅಂಚೆ ಮುಟ್ಟಿಸುವ, ಬಿಡಾರವನ್ನೇ ಸಾಗಿಸುವ ವಾಹನ. ಗಾಲಿ ತನ್ನ ಭಾರವನ್ನೆಲ್ಲ ಒಂದೇ ಕಡೆ ಊರಿ ಹಿಮದಲ್ಲಿ ಹೂತುಹೋಗುತ್ತದೆ. ಉದ್ದನೆಯ ಜಾರುಪಟ್ಟಿ ಅದೇ ಭಾರವನ್ನು ಹರಡಿಕೊಂಡು ಮೇಲೆಯೇ ಸಾಗುತ್ತದೆ. ಈ ತಿಳಿವಳಿಕೆ ಬಹಳ ಹಳೆಯದು. ನಾರ್ವೆಯ ಓಸೆಬರ್ಗ್‌ನಲ್ಲಿ 1904ರಲ್ಲಿ ಅಗೆದು ತೆಗೆದ ವೈಕಿಂಗ್ ಸಮಾಧಿಯ ಹಡಗಿನಲ್ಲಿ ನಾಲ್ಕು ಸ್ಲೆಡ್ಜ್‌ಗಳಿದ್ದವು. ಮೂರಕ್ಕೆ ಸೊಗಸಾದ ಕೆತ್ತನೆ. ಇನ್ನೊಂದು ದಿನಬಳಕೆಯ ಸಾದಾ ಬಂಡಿ. ಸಮಾಧಿಯ ಕಾಲ ಕ್ರಿ.ಶ. 834.

ಮೊಳೆಯಿಲ್ಲದ ಕಮುಟಿಕ್

ಕೆನಡಾದ ಆರ್ಕ್ಟಿಕ್ ಭಾಗದ ಇನುಯಿಟ್ ಜನರ ಬಂಡಿ ಕಮುಟಿಕ್. ಎರಡು ಉದ್ದನೆಯ ಜಾರುಪಟ್ಟಿಗಳು, ಅವುಗಳ ಮೇಲೆ ಸಾಲಾಗಿ ಅಡ್ಡಪಟ್ಟಿಗಳು. ಸಾಂಪ್ರದಾಯಿಕ ಕಮುಟಿಕ್‌ಗೆ ಮೊಳೆ ಹೊಡೆಯುವುದಿಲ್ಲ. ಪಟ್ಟಿಗಳಿಗೆ ತೂತು ಕೊರೆದು, ಸೀಲ್ ಚರ್ಮದ ದಾರ ಪೋಣಿಸಿ ಬಿಗಿಯುತ್ತಾರೆ. ಹೆಪ್ಪುಗಟ್ಟಿದ ಕಡಲಿನ ಮೇಲೆ ಏಣು ಕೋಣುಗಳೇ ಹೆಚ್ಚು. ಮೊಳೆ ಬಿಗಿದ ಬಂಡಿಯಾದರೆ ನಾಲ್ಕು ಹೊಡೆತಕ್ಕೆ ಸೀಳಿಹೋಗುತ್ತದೆ. ದಾರ ಕಟ್ಟಿದ್ದು ಅಷ್ಟಷ್ಟು ಬಳುಕಿ ಹೊಡೆತವನ್ನು ತಾಳಿಕೊಳ್ಳುತ್ತದೆ.

ಪಟ್ಟಿಯ ತಳಕ್ಕೆ ಮಾಡುವ ಆರೈಕೆ ಇನ್ನೂ ಸೂಕ್ಷ್ಮ. ಜೌಗು ಮಣ್ಣನ್ನು ನೀರಲ್ಲಿ ಕಲಸಿ ತಳದುದ್ದಕ್ಕೂ ಮೆತ್ತಿ ಹೆಪ್ಪುಗಟ್ಟಲು ಬಿಡುತ್ತಿದ್ದರು. ಅದನ್ನು ಹೆರೆದು ನಯ ಮಾಡಿ, ಬಾಯಿಯಿಂದ ನೀರು ಚಿಮುಕಿಸಿ, ಕರಡಿಯ ತುಪ್ಪಳದ ತುಂಡಿನಿಂದ ಸವರಿದರೆ ಮೇಲೊಂದು ತೆಳುವಾದ ಮಂಜುಗಡ್ಡೆಯ ಪದರ ಕೂರುತ್ತಿತ್ತು. ಬಂಡಿ ಹಗುರಾಗಿ ಜಾರುತ್ತಿದ್ದುದು ಆ ಪದರದಿಂದ. ಮರ ಸಿಗದಿದ್ದಾಗ ಒದ್ದೆ ಚರ್ಮದಲ್ಲಿ ಮೀನುಗಳನ್ನು ಸುತ್ತಿ, ಹೆಪ್ಪುಗಟ್ಟಿಸಿ, ಅದನ್ನೇ ಜಾರುಪಟ್ಟಿಯಾಗಿ ಬಳಸಿದ್ದೂ ಉಂಟು.

ನಾಯಿಗಳನ್ನು ಹೂಡುವುದರಲ್ಲೂ ಲೆಕ್ಕಾಚಾರವಿದೆ. ಮರಗಳಿಲ್ಲದ ಬಯಲಲ್ಲಿ ಒಂದೊಂದು ನಾಯಿಗೂ ಬೇರೆ ಹಗ್ಗ. ಅವು ಅಗಲವಾಗಿ ಹರಡಿಕೊಂಡು ಓಡುತ್ತವೆ, ತೆಳುವಾದ ಮಂಜುಗಡ್ಡೆಯ ಮೇಲೆ ಭಾರವೂ ಹಂಚಿಹೋಗುತ್ತದೆ. ಅಲಾಸ್ಕಾದ ಕಾಡುದಾರಿ ಇಕ್ಕಟ್ಟು. ಅಲ್ಲಿ ಜೋಡಿ ಜೋಡಿಯಾಗಿ ಒಂದರ ಹಿಂದೊಂದು ಕಟ್ಟುತ್ತಾರೆ.

ಕಾಡಿಗೊಂದು, ಬಯಲಿಗೊಂದು

ಕೆನಡಾದ ಕಾಡುಗಳಲ್ಲಿ ಹಿಮ ಆಳ, ಮೆತ್ತಗೆ. ಅಲ್ಲಿ ಜಾರುಪಟ್ಟಿಯೂ ಹೂತುಹೋಗುತ್ತದೆ. ಹಾಗಾಗಿ ಕ್ರೀ ಮೊದಲಾದ ಮೂಲನಿವಾಸಿಗಳು ಪಟ್ಟಿಯನ್ನೇ ಕೈಬಿಟ್ಟರು. ತೆಳುವಾದ ಹಲಗೆಗಳನ್ನು ಜೋಡಿಸಿ, ಮುಂತುದಿಯನ್ನು ಮೇಲಕ್ಕೆ ಸುರುಳಿ ಬಾಗಿಸಿ ಟೊಬೊಗನ್ ಮಾಡಿಕೊಂಡರು. ಹಲಗೆಯ ತಳವೆಲ್ಲ ಹಿಮದ ಮೇಲೆ ಕೂರುತ್ತದೆ, ಭಾರ ಹರಡುತ್ತದೆ.

ಉತ್ತರ ಸ್ಕ್ಯಾಂಡಿನೇವಿಯಾದ ಸಾಮಿ ಜನರದು ದೋಣಿಯಾಕಾರದ ಬಂಡಿ. ಒಂದು ಹಿಮಸಾರಂಗ ಎಳೆಯುತ್ತಿತ್ತು, ಒಬ್ಬರು ಕೂರುತ್ತಿದ್ದರು. ಸಾಮಾನು ಹೇರಲು ಬೇರೆ ಬಂಡಿ, ಬೆಲೆಬಾಳುವ ವಸ್ತುಗಳಿಗೆ ಮುಚ್ಚಳವಿರುವ ಇನ್ನೊಂದು. ವಲಸೆ ಹೊರಟಾಗ ಒಂದರ ಹಿಂದೊಂದು ಕಟ್ಟಿದ ಹಿಮಸಾರಂಗಗಳ ಸಾಲು ಇಡೀ ಸಂಸಾರವನ್ನು ಹೊತ್ತು ಸಾಗುತ್ತಿತ್ತು.

ರಷ್ಯಾದಲ್ಲಿ ಕುದುರೆಯದೇ ಕಾರುಬಾರು. ರೈತರು ಹುಲ್ಲು, ಸೌದೆ ಹೇರಲು ರೊಜ್ವಾಲ್ನಿ ಎಂಬ ತಗ್ಗಾದ, ಅಗಲವಾದ ಬಂಡಿ ಹೂಡುತ್ತಿದ್ದರು. ಅಂಚೆಗೂ ಪ್ರಯಾಣಕ್ಕೂ ಮೂರು ಕುದುರೆಗಳ ತ್ರೋಯ್ಕಾ: ನಡುವಿನದು ದುಡುಕಿಯಲ್ಲಿ ಓಡಿದರೆ, ಅಕ್ಕಪಕ್ಕದವು ಕತ್ತು ಹೊರಕ್ಕೆ ತಿರುಗಿಸಿ ನಾಗಾಲೋಟ ಹೂಡುತ್ತವೆ. ಹಿಮದ ಮೇಲೆ ಬಂಡಿ ಬರುವ ಸದ್ದೇ ಕೇಳಿಸುವುದಿಲ್ಲ. ಎದುರಿಗೆ ಬರುವವರನ್ನು ಎಚ್ಚರಿಸಲು ನಡುಗುದುರೆಯ ಮೇಲಿನ ಮರದ ಕಮಾನಿಗೆ ಗಂಟೆ ತೂಗುಹಾಕುತ್ತಿದ್ದರು.

ಜೀವ ಉಳಿಸಿದ ಬಂಡಿ

1925ರ ಚಳಿಗಾಲದಲ್ಲಿ ಅಲಾಸ್ಕಾದ ನೋಮ್ ಪಟ್ಟಣಕ್ಕೆ ಡಿಫ್ತೀರಿಯಾ ತಗುಲಿತು. ಕಡಲು ಹೆಪ್ಪುಗಟ್ಟಿ ಹಡಗಿನ ದಾರಿ ಮುಚ್ಚಿತ್ತು. ಆಗ 20 ಸವಾರರು, ಸುಮಾರು 150 ನಾಯಿಗಳು ಕೈಯಿಂದ ಕೈಗೆ ದಾಟಿಸುತ್ತ, ಸಾವಿರ ಕಿಲೋಮೀಟರಿಗೂ ಮಿಕ್ಕ ದಾರಿಯನ್ನು ಐದೂವರೆ ದಿನಗಳಲ್ಲಿ ಕ್ರಮಿಸಿ ಔಷಧ ತಲುಪಿಸಿದರು.

ಈಗ ಬಹುತೇಕ ಕಡೆ ನಾಯಿಯ ಜಾಗಕ್ಕೆ ಸ್ನೋಮೊಬೈಲ್ ಬಂದಿದೆ. ಹಾಗೆಂದು ಹಳೆಯ ಬಂಡಿ ಮೂಲೆ ಸೇರಿಲ್ಲ. ಕೆನಡಾದ ನುನಾವುಟ್‌ನಲ್ಲಿ ಇಂದಿಗೂ ಆ ಯಂತ್ರದ ಹಿಂದೆ ಕಟ್ಟಿ ಎಳೆಯುವುದು ಕಮುಟಿಕ್ಕನ್ನೇ. ಜಾರುಪಟ್ಟಿಯ ತಳಕ್ಕೆ ಪ್ಲಾಸ್ಟಿಕ್ ಬಂದಿದೆ, ಚರ್ಮದ ದಾರದ ಬದಲು ನೈಲಾನ್ ಹಗ್ಗ ಬಂದಿದೆ. ಬಿಗಿಯುವ ಕ್ರಮ ಮಾತ್ರ ಬದಲಾಗಿಲ್ಲ.