ದಿನವಿಡೀ ನಿಂತೇ ಕೆಲಸವೇ? ಹಿಮ್ಮಡಿ ನೋವಿಗೆ ಇನ್‌ಸೋಲ್ ಕೊಳ್ಳುವ ಮುನ್ನ ಇದನ್ನು ಓದಿ

ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟ ಕೂಡಲೇ ಹಿಮ್ಮಡಿಯಲ್ಲಿ ಮುಳ್ಳು ಚುಚ್ಚಿದ ಹಾಗೆ ನೋವು. ಸ್ವಲ್ಪ ಓಡಾಡಿದರೆ ಕಡಿಮೆ. ಸಂಜೆ ಅಂಗಡಿ ಶಟರ್ ಎಳೆಯುವ ಹೊತ್ತಿಗೆ ಮತ್ತೆ ಶುರು. ದಿನಸಿ ಅಂಗಡಿ, ಬೇಕರಿ, ಹೋಟೆಲ್‌ಗಳಲ್ಲಿ ನಿಂತೇ ದುಡಿಯುವವರನ್ನು ಹೆಚ್ಚಾಗಿ ಕಾಡುವ ಈ ತೊಂದರೆಗೆ ವೈದ್ಯರು ಹೇಳುವ ಹೆಸರು ಪ್ಲಾಂಟರ್ ಫೇಶಿಯೈಟಿಸ್.

ನೋವು ಬರೋದು ಯಾಕೆ?

ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ದಪ್ಪ ಪಟ್ಟಿಯಂಥ ಅಂಗಾಂಶವಿದೆ. ಪಾದದ ಕಮಾನನ್ನು ಹಿಡಿದಿಡುವುದು ಇದೇ. ಗಟ್ಟಿ ನೆಲದ ಮೇಲೆ ಗಂಟೆಗಟ್ಟಲೆ ನಿಂತರೆ, ತೂಕ ಜಾಸ್ತಿಯಿದ್ದರೆ, ಸವೆದ ಚಪ್ಪಲಿಯನ್ನೇ ಹಾಕುತ್ತಿದ್ದರೆ ಈ ಪಟ್ಟಿಗೆ ಎಳೆತ ಹೆಚ್ಚುತ್ತದೆ. ಶೂ ಒಳಗಿಡುವ ಇನ್‌ಸೋಲ್ ಕಮಾನಿಗೆ ಆಸರೆ ಕೊಟ್ಟು, ಹಿಮ್ಮಡಿಯ ಮೇಲಿನ ಭಾರವನ್ನು ಪಾದಕ್ಕೆಲ್ಲ ಹಂಚುತ್ತದೆ.

ಆರಿಸುವುದು ಹೇಗೆ?

* ಬೆರಳಲ್ಲಿ ಒತ್ತಿದರೆ ಪೂರ್ತಿ ಕುಸಿಯುವ ಸ್ಪಂಜ್ ಬೇಡ. ಮೇಲೆ ಮೆತ್ತಗೆ, ಕಮಾನಿನ ಕೆಳಗೆ ಗಟ್ಟಿ ಇರಲಿ. ಹಿಮ್ಮಡಿ ಕೂರುವ ಜಾಗ ಬಟ್ಟಲಿನಂತಿರಲಿ.
* ನಿಮ್ಮ ಶೂ ತೆಗೆದುಕೊಂಡೇ ಹೋಗಿ. ಒಳಗಿನ ಹಳೆ ಇನ್‌ಸೋಲ್ ತೆಗೆದು ಹೊಸದು ಹಾಕಿ ನಡೆದು ನೋಡಿ. ಬೆರಳು ಬಿಗಿಯಾದರೆ ಬೇಡ.
* ಮೊದಲ ದಿನ ಒಂದೆರಡು ಗಂಟೆ ಸಾಕು. ನಿಧಾನಕ್ಕೆ ಹೆಚ್ಚಿಸಿ.
* ಶುರುವಿಗೆ ರೆಡಿಮೇಡ್ ಸಾಕಾಗಬಹುದು. ದುಬಾರಿ ಅಳತೆಯದ್ದು ವೈದ್ಯರು ಹೇಳಿದರೆ ಮಾತ್ರ.

ಒದ್ದೆ ಪಾದವನ್ನು ಒಣ ನೆಲದ ಮೇಲಿಟ್ಟಾಗ ಅಂಗಾಲು ಪೂರ್ತಿ ಮೂಡಿದರೆ ಅದು ಚಪ್ಪಟೆ ಪಾದ ಇರಬಹುದು. ಆದರೆ ನೋವಿಲ್ಲದಿದ್ದರೆ ಅದೊಂದೇ ಕಾರಣಕ್ಕೆ ಇನ್‌ಸೋಲ್ ಕೊಳ್ಳಬೇಕಿಲ್ಲ.

ಶುಗರ್ ಇರುವವರು ಗಮನಿಸಿ

ಮಧುಮೇಹಿಗಳಿಗೆ ಪಾದದ ಸ್ಪರ್ಶ ಕಡಿಮೆಯಾಗಿ, ಇನ್‌ಸೋಲ್ ಉಜ್ಜಿ ಗಾಯವಾದರೂ ಗೊತ್ತಾಗದೇ ಹೋಗಬಹುದು. ಸಣ್ಣ ಗಾಯವೇ ಹುಣ್ಣಾಗುವ ಅಪಾಯವಿದೆ. ಇವರು ವೈದ್ಯರಿಗೆ ಪಾದ ತೋರಿಸಿಯೇ ಎಂಸಿಆರ್ ಚಪ್ಪಲಿ ಅಥವಾ ಇನ್‌ಸೋಲ್ ಕೊಳ್ಳಬೇಕು. ದಿನವೂ ಅಂಗಾಲು ನೋಡಿಕೊಳ್ಳಬೇಕು.

ಇನ್‌ಸೋಲ್ ಒಂದೇ ಸಾಲದು

ಗೋಡೆಗೆ ಕೈಯೂರಿ, ನೋವಿರುವ ಕಾಲನ್ನು ಹಿಂದಕ್ಕಿಟ್ಟು, ಹಿಮ್ಮಡಿ ನೆಲಕ್ಕೂರಿ ಮೀನಖಂಡವನ್ನು 30 ಸೆಕೆಂಡ್ ಎಳೆಯಿರಿ. ದಿನಕ್ಕೆ ಎರಡು ಮೂರು ಸಲ ಹೀಗೆ ಮಾಡಿ. ಗಲ್ಲಾಪೆಟ್ಟಿಗೆ ಹತ್ತಿರ ದಪ್ಪ ರಬ್ಬರ್ ಮ್ಯಾಟ್ ಹಾಸಿ, ಗಿರಾಕಿ ಇಲ್ಲದಾಗ ಕೂತುಕೊಳ್ಳಿ.

ಕೆಲವು ವಾರಗಳಾದರೂ ನೋವು ತಗ್ಗದಿದ್ದರೆ ಮೂಳೆ ವೈದ್ಯರನ್ನು ಕಾಣಿ. ಊತ, ಜೋಮು ಇದ್ದರೆ ಅಥವಾ ಬಿದ್ದ ಮೇಲೆ ಕಾಲೂರಲು ಆಗದಿದ್ದರೆ ಕಾಯಬೇಡಿ, ತಕ್ಷಣ ತೋರಿಸಿ.