ಹುಳುಮನೆ ಇರುವ ಮನೆಯಲ್ಲಿ ನಾಯಿ ಸಾಕುವುದು

ನಮ್ಮ ಮರಳವಾಡಿ ಸುತ್ತಮುತ್ತ ನಾಯಿ ಇಲ್ಲದ ತೋಟದ ಮನೆ ಹುಡುಕೋದು ಕಷ್ಟ. ಕೊಟ್ಟಿಗೆ, ತೆಂಗಿನ ತೋಟ, ಕಣದಲ್ಲಿ ಹಾಕಿದ ರಾಗಿ, ಹುಳುಮನೆ, ಇಷ್ಟನ್ನೂ ರಾತ್ರಿ ಹೊತ್ತು ಕಾಯೋಕೆ ಇನ್ಯಾರಿದ್ದಾರೆ? ಹಾಗಂತ ನಾಯಿ ಸಾಕೋದರ ಬಗ್ಗೆ ಸಲಹೆ ಹುಡುಕಿದರೆ ಸಿಗೋದೆಲ್ಲ ಬಹುಪಾಲು ಬೆಂಗಳೂರಿನ ಫ್ಲ್ಯಾಟಿನ ನಾಯಿಗೆ ಹೇಳಿದ್ದು. "ಉಣ್ಣಿ ಕಂಡರೆ ಸ್ಪ್ರೇ ಹೊಡೆಯಿರಿ, ಕುತ್ತಿಗೆಗೆ ಉಣ್ಣಿ ಪಟ್ಟಿ ಕಟ್ಟಿ, ಮನೆಯ ಮೂಲೆಗೆಲ್ಲ ಔಷಧಿ ಸಿಂಪಡಿಸಿ" ಅಂತಾರೆ. ಅವರ ಮನೆಗೆ ಅದು ಸರಿ. ಆದರೆ ರೇಷ್ಮೆ ಹುಳು ಮೇಯಿಸುವ ಮನೆಯಲ್ಲಿ ಅದನ್ನೇ ಪಾಲಿಸಿದರೆ ನಾಯಿ ಉಳಿಯುತ್ತೆ, ಬೆಳೆ ಹೋಗುತ್ತೆ.

ಈ ವಿಷಯ ನಮ್ಮ ಹೆಣ್ಣುಮಕ್ಕಳಿಗೆ ಗೊತ್ತಿರಲೇಬೇಕು ಅನ್ನಿಸಿ ಬರೆಯುತ್ತಿದ್ದೇನೆ. ಯಾಕೆಂದರೆ ಹುಳುವಿಗೆ ಸೊಪ್ಪು ಕೊಡುವ ಕೈಯೂ ನಮ್ಮದೇ, ನಾಯಿಗೆ ಮುದ್ದೆ ಹಾಕುವ ಕೈಯೂ ನಮ್ಮದೇ.

ಉಣ್ಣಿಯ ಮದ್ದು ಹುಳುವಿಗೂ ವಿಷ

ಅಂಗಡಿಯಲ್ಲಿ ಸಿಗುವ ಉಣ್ಣಿ ಔಷಧಿಯ ಡಬ್ಬಿ ತಿರುಗಿಸಿ ನೋಡಿ. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್, ಪರ್ಮೆಥ್ರಿನ್, ಫ್ಲುಮೆಥ್ರಿನ್ ಇಂಥ ಹೆಸರುಗಳಿರುತ್ತವೆ. ಹೆಸರಿನ ಕೊನೆಯಲ್ಲಿ 'ಥ್ರಿನ್' ಇದ್ದರೆ ಅದು ಸಾಮಾನ್ಯವಾಗಿ ಪೈರೆಥ್ರಾಯ್ಡ್ ಗುಂಪಿನದು. ಇವು ಕೀಟದ ನರಗಳನ್ನು ಕೆಡಿಸಿ ಕೊಲ್ಲುತ್ತವೆ. ಉಣ್ಣಿಗೆ ಎಂಟು ಕಾಲು, ಅದು ಜೇಡದ ನೆಂಟ. ರೇಷ್ಮೆ ಹುಳು ಬೇರೆ ಜಾತಿ. ಆದರೆ ಈ ವಿಷ ಎರಡನ್ನೂ ಬಿಡುವುದಿಲ್ಲ. ಅದರಲ್ಲೂ ಸಾವಿರಾರು ವರ್ಷದಿಂದ ಮನುಷ್ಯನ ಆಸರೆಯಲ್ಲೇ ಬೆಳೆದ ರೇಷ್ಮೆ ಹುಳುವಿಗೆ ತಡೆದುಕೊಳ್ಳುವ ಶಕ್ತಿ ಬಹಳ ಕಡಿಮೆ. ಕೈಗೆ ಅಂಟಿದ್ದು ಸೊಪ್ಪಿಗೆ, ಸೊಪ್ಪಿನಿಂದ ಹುಳುವಿಗೆ ಬಂದರೂ ಸಾಕು. ಹುಳು ತಲೆ ಎತ್ತಿ ಆಡಿಸುತ್ತೆ, ಹಸಿರು ರಸ ಕಕ್ಕುತ್ತೆ, ಮೈ ಕುಗ್ಗಿ ಸಾಯುತ್ತೆ. ಸಾಯದೆ ಉಳಿದದ್ದು ಎಷ್ಟೋ ಸಲ ಚಂದ್ರಿಕೆಗೆ ಬಿಟ್ಟರೂ ಗೂಡು ಕಟ್ಟುವುದಿಲ್ಲ.

ಫಿಪ್ರೊನಿಲ್ ಸ್ಪ್ರೇ ಕೂಡ ಅಷ್ಟೇ ಅಪಾಯ. "ಹಂಗಾರೆ ಬೇವಿನೆಣ್ಣೆ ಹಚ್ಚಿದ್ರಾಯ್ತು ಬಿಡವ್ವ, ಅದು ನಾಟಿ ಮದ್ದಲ್ವಾ" ಅಂತ ಅನೇಕರು ಹೇಳ್ತಾರೆ. ಬೇವಿನಲ್ಲಿರುವ ಅಜಾಡಿರಾಕ್ಟಿನ್ ಅನ್ನೋ ಅಂಶ ರೇಷ್ಮೆ ಹುಳು ಪೊರೆ ಬಿಡುವುದನ್ನೇ ಕೆಡಿಸುತ್ತದೆ. ಹೊಗೆಸೊಪ್ಪಿನ ನೀರಂತೂ ಬೇಡವೇ ಬೇಡ. ಹೊಗೆಸೊಪ್ಪು ಬೆಳೆದ ಹೊಲದ ಪಕ್ಕ ಹಿಪ್ಪುನೇರಳೆ ಹಾಕಬಾರದು ಅಂತ ನಮ್ಮ ಹಿರಿಯರು ಹೇಳುತ್ತಿದ್ದದ್ದು ಸುಮ್ಮನೆ ಅಲ್ಲ.

ಹಾಗಾದರೆ ಉಣ್ಣಿಯನ್ನು ಬಿಟ್ಟುಬಿಡೋಣವೇ? ಅದೂ ಆಗದು.

ಎರಡು ಜ್ವರ ಒಟ್ಟಿಗೆ ಬಂದ ವಾರ

ನಮ್ಮಲ್ಲಿ ಹುಳು ಪೊರೆ ಬಿಡುವುದಕ್ಕೂ 'ಜ್ವರ' ಅಂತಲೇ ಅನ್ನೋದು. ಹುಳುವಿನ ಜೀವನದಲ್ಲಿ ನಾಲ್ಕು ಜ್ವರ. ಕಳೆದ ಬೇಸಿಗೆಯಲ್ಲಿ ನಮ್ಮ ಹುಳು ಮೂರನೇ ಜ್ವರದಿಂದ ಎದ್ದ ದಿನವೇ ನಮ್ಮ ನಾಯಿ ಕರಿಯ ನಿಜವಾದ ಜ್ವರ ಬಂದು ಮಲಗಿತು. ಗೂಡಿಗೆ ಇನ್ನು ಹನ್ನೆರಡು ಹದಿಮೂರು ದಿನ ಬಾಕಿ. ಸೊಸೈಟಿ ಸಾಲದ ಕಂತು ಆ ಬೆಳೆಯ ಮೇಲೇ ನಿಂತಿತ್ತು.

ಕರಿಯ ಎರಡು ದಿನದಿಂದ ಮುದ್ದೆ ಮುಟ್ಟಿರಲಿಲ್ಲ. ತುಟಿ ಎತ್ತಿ ನೋಡಿದರೆ ಒಸಡು ಬಿಳಿಚಿಕೊಂಡಿತ್ತು. ಮೂಗಿನಲ್ಲಿ ಒಂದು ಹನಿ ರಕ್ತ. ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣ್ಣಿ. ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದೆವು. ಪ್ಲೇಟ್‌ಲೆಟ್ ಬಹಳ ಇಳಿದಿತ್ತು. ಉಣ್ಣಿ ಜ್ವರ, ಎರ್ಲಿಕಿಯಾ ಅನ್ನೋ ರೋಗಾಣುವಿನಿಂದ ಬಂದದ್ದು ಅಂದರು. ಡಾಕ್ಸಿಸೈಕ್ಲಿನ್ ಮಾತ್ರೆ ನಾಲ್ಕು ವಾರ ಬಿಡದೆ ಕೊಡಬೇಕು, ಖಾಲಿ ಹೊಟ್ಟೆಯಲ್ಲಿ ಕೊಟ್ಟರೆ ವಾಂತಿ ಮಾಡುತ್ತೆ, ಸ್ವಲ್ಪ ಊಟದ ಜೊತೆ ಕೊಡಿ, ನಾಯಿ ಗೆಲುವಾಯಿತು ಅಂತ ಮಧ್ಯದಲ್ಲಿ ನಿಲ್ಲಿಸಬೇಡಿ ಅಂತ ಒತ್ತಿ ಹೇಳಿದರು.

ಮುಂದಿನ ಮಾತು ಉಣ್ಣಿ ಕೊಲ್ಲೋದರದ್ದು. ನಾನು ಮೊದಲು ಹೇಳಿದ್ದೇ "ಸಾರ್, ನಮ್ಮನೇಲಿ ಹುಳು ಐತೆ" ಅಂತ. ಅವರು ಬರೆಯುತ್ತಿದ್ದ ಚೀಟಿ ನಿಲ್ಲಿಸಿ, ಸ್ಪ್ರೇ ಬಿಟ್ಟು ನುಂಗಿಸುವ ಮಾತ್ರೆ ಬರೆದರು. ನಾಯಿಯ ರಕ್ತದಲ್ಲಿ ಔಷಧಿ ಸೇರಿ, ಕಚ್ಚಿದ ಉಣ್ಣಿ ಸಾಯುತ್ತೆ. ರೋಮದ ಮೇಲೆ ಔಷಧಿ ಬಳಿದಿರುವುದಿಲ್ಲವಾದ್ದರಿಂದ ಹುಳುಮನೆಗೆ ಅಪಾಯ ಎಷ್ಟೋ ಕಡಿಮೆ. ಆದರೂ ಪೂರ್ತಿ ಇಲ್ಲ ಅನ್ನುವ ಹಾಗಿಲ್ಲ, ನಾಯಿಯ ಕಕ್ಕಸನ್ನು ಸೊಪ್ಪಿನ ತೋಟದಿಂದ ದೂರ ಹೂತುಹಾಕಿ ಅಂದರು. ಮೂರ್ಛೆ ಬರುವ ನಾಯಿಗೆ ಈ ಜಾತಿಯ ಮಾತ್ರೆ ಆಗುವುದಿಲ್ಲ, ಆದ್ದರಿಂದ ವೈದ್ಯರನ್ನು ಕೇಳದೆ ತಂದು ನುಂಗಿಸಬಾರದು.

ಮನೆಗೆ ಬಂದಾಗ ನಮ್ಮವರಿಗೆ ಇನ್ನೂ ಚಿಂತೆ. "ಗೂಡು ಬಿಡಿಸೋವರ್ಗೂ ಇದನ್ನ ಎಲ್ಲಾದ್ರೂ ದೂರ ಬಿಟ್ಬುಡೋದಾ" ಅಂದರು. ಅತ್ತೆ ಒಪ್ಪಲಿಲ್ಲ. "ಬಾಯಿಲ್ಲದ ಎರಡು ಜೀವಾನೂ ನಮ್ಮನ್ನೇ ನಂಬ್ಕೊಂಡವೆ. ಒಂದನ್ನ ಉಳಿಸಕ್ಕೆ ಇನ್ನೊಂದನ್ನ ಕಳಿಯೋದು ಬ್ಯಾಡ" ಅಂದರು. "ಹುಳ ಹೆಂಗೂ ಕೊನೇಗೆ ಬಿಸಿನೀರಿಗೇ ಹೋಗೋದಲ್ವೇನಜ್ಜಿ" ಅಂತ ಮಗ ನಗಾಡಿದ. ಅತ್ತೆ ಅವನ ತಲೆ ಮೇಲೊಂದು ಮೊಟಕಿ, ಕರಿಯನಿಗೆ ಪಂಪ್‌ಹೌಸಿನಲ್ಲಿ ಗೋಣಿಚೀಲ ಹಾಸಿದರು.

ಕೆಲಸ ಹಂಚಿಕೊಂಡೆವು. ನಾಯಿ ಅತ್ತೆಯದು, ಹುಳು ನನ್ನದು. ಅವರು ಹುಳುಮನೆ ಕಡೆ ಬರಲಿಲ್ಲ, ನಾನು ಪಂಪ್‌ಹೌಸಿನ ಬಾಗಿಲಲ್ಲೇ ನಿಂತು ಮಾತಾಡಿಸಿ ಬರುತ್ತಿದ್ದೆ. ನಾಲ್ಕನೇ ದಿನ ಕರಿಯ ಮೊಸರನ್ನ ನೆಕ್ಕಿತು. ಹುಳು ನಾಲ್ಕನೇ ಜ್ವರ ಎದ್ದು, ಕೊನೆಯ ವಾರದ ಹಸಿವಿಗೆ ಬಿದ್ದಾಗ ಅದು ಎದ್ದು ಓಡಾಡುತ್ತಿತ್ತು. ಗೂಡು ರಾಮನಗರದ ಮಾರುಕಟ್ಟೆಗೆ ಹೋದ ದಿನ ಮಾತ್ರೆ ಇನ್ನೂ ಎರಡು ವಾರಕ್ಕಾಗುವಷ್ಟು ಉಳಿದಿತ್ತು. ಅದನ್ನೂ ಮುಗಿಸಿದೆವು.

ನಾವು ಪಾಲಿಸುವ ಪದ್ಧತಿ

ಎಲ್ಲರಿಗೂ ಉಪಯೋಗಕ್ಕೆ ಬರಲಿ ಅಂತ ಬರೆದಿಡುತ್ತೇನೆ.

• ಉಣ್ಣಿಯನ್ನು ದಿನಾ ಹುಡುಕಿ. ಕಿವಿ, ಕುತ್ತಿಗೆ, ಬೆರಳ ಸಂದಿ, ಬಾಲದ ಬುಡ. ಚಿಮಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆದು ಸೋಪು ನೀರಿಗೆ ಹಾಕಿ. ಬೆರಳಲ್ಲಿ ಹಿಸುಕಬೇಡಿ, ಸೀಮೆಎಣ್ಣೆ ಹಚ್ಚಬೇಡಿ, ಬೀಡಿ ಬೆಂಕಿ ತಾಗಿಸಬೇಡಿ.

• ನಾಯಿಯ ಮೈಮೇಲೆ ಕಾಣುವುದು ಉಣ್ಣಿಯ ಒಂದು ಪಾಲು ಮಾತ್ರ. ರಕ್ತ ಕುಡಿದು ಉದುರಿದ ಹೆಣ್ಣು ಉಣ್ಣಿ ಗೋಡೆಯ ಬಿರುಕಿನಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಟ್ಟು ಸಾಯುತ್ತೆ, ಅದರಿಂದ ಹುಟ್ಟಿದ ಉಣ್ಣಿಗಳು ಊಟವಿಲ್ಲದೆ ತಿಂಗಳುಗಟ್ಟಲೆ ಬದುಕಿರುತ್ತವೆ. ನಾಯಿ ಮಲಗುವ ಜಾಗದ ಬಿರುಕಿಗೆ ಕುದಿಯುವ ನೀರು ಹೊಯ್ದು, ಸಿಮೆಂಟು ಮೆತ್ತಿ, ಸುಣ್ಣ ಬಳಿಯಿರಿ. ಗೋಣಿಚೀಲ ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಇದಕ್ಕೆ ವಿಷ ಬೇಡ.

• ಕುತ್ತಿಗೆಗೆ ಕಟ್ಟುವ ಉಣ್ಣಿ ಪಟ್ಟಿ ತಿಂಗಳುಗಟ್ಟಲೆ ಔಷಧಿ ಬಿಡುತ್ತಲೇ ಇರುತ್ತೆ. ಹುಳು ಮೇಯಿಸುವ ಮನೆಗೆ ಅದು ಹೊಂದುವುದಿಲ್ಲ.

• ಹಸುವಿಗೆ ಉಣ್ಣಿ ಔಷಧಿ ಹೊಡೆಯಲೇಬೇಕಾದರೆ ಗೂಡು ಬಿಡಿಸಿದ ಮರುದಿನವೇ ಮಾಡಿ, ಹೊಸ ಚಾಕಿ ಹುಳು ಬರುವ ಹೊತ್ತಿಗಲ್ಲ. ಗಾಳಿ ತೋಟದ ಕಡೆ ಬೀಸುವಾಗ ಬೇಡ. ತೊಳೆದ ನೀರು ಸೊಪ್ಪಿನ ಕಾಲುವೆಗೆ ಸೇರಬಾರದು. ಹೊಡೆದವರು ಸ್ನಾನ ಮಾಡಿ, ಬಟ್ಟೆ ಬದಲಿಸಿ ಆಮೇಲೆ ಸೊಪ್ಪು ಮುಟ್ಟಲಿ. ಹಸುವಿಗೆ ಕಲಸಿದ್ದನ್ನೇ ನಾಯಿಗೂ ಸುರಿಯಬೇಡಿ, ನಾಯಿಗೆ ಅದರ ಅಳತೆ ಬೇರೆ. ಪರ್ಮೆಥ್ರಿನ್ ಹಚ್ಚಿದ ನಾಯಿಯನ್ನು ನೆಕ್ಕಿದ ಬೆಕ್ಕು ಸಾಯಬಹುದು ಅನ್ನೋದೂ ನೆನಪಿರಲಿ.

• ಹುಳುಮನೆಯ ಕಸದ ಗುಂಡಿಗೆ ಬೇಲಿ ಹಾಕಿ. ಹಾಲುತೊಂಡೆ, ಸುಣ್ಣಕಟ್ಟು ಬಂದು ಸತ್ತ ಹುಳುವನ್ನು ನಾಯಿ ಕೆದಕಿ ಕಾಲಲ್ಲಿ ತುಳಿದು ಬಂದರೆ ರೋಗ ಮತ್ತೆ ಹುಳುಮನೆಯ ಬಾಗಿಲಿಗೇ ಬರುತ್ತೆ. ಬ್ಲೀಚಿಂಗ್ ಪೌಡರ್, ಫಾರ್ಮಲಿನ್ ಹಾಕಿ ಹುಳುಮನೆ ತೊಳೆಯುವ ದಿನ ನಾಯಿಯನ್ನು ದೂರ ಕಟ್ಟಿ. ಅದರ ಕಣ್ಣು, ಅಂಗಾಲು ಉರಿಯುತ್ತೆ.

ಹೊಸಿಲು ದಾಟದ ಪಾಠ

ಹುಳುಮನೆಗೆ ನಾಯಿ ನುಗ್ಗಬಾರದು. ಇದನ್ನು ಹೊಡೆದು ಕಲಿಸಲಾಗದು. ಹೊಡೆತ ತಿಂದ ನಾಯಿ ನೀವಿದ್ದಾಗ ಮಾತ್ರ ಹೊರಗೆ ನಿಲ್ಲುತ್ತೆ.

ಮರಿ ಇದ್ದಾಗಲೇ ಶುರು ಮಾಡಿ. ಮನೆಮಂದಿಯೆಲ್ಲ ಒಂದೇ ಮಾತು ಬಳಸಬೇಕು. ಒಬ್ಬರು "ಹೋಗ್", ಇನ್ನೊಬ್ಬರು "ಹಚಾ", ಮಕ್ಕಳು "ನೋ ನೋ" ಅಂದರೆ ಅದಕ್ಕೆ ಏನು ತಿಳಿಯಬೇಕು? ನಮ್ಮಲ್ಲಿ "ನಿಲ್ಲು" ಒಂದೇ. ಹಗ್ಗ ಹಿಡಿದು ಹೊಸಿಲ ತನಕ ಕರೆದುಕೊಂಡು ಹೋಗಿ, "ನಿಲ್ಲು" ಅಂದು, ನಿಂತ ಕ್ಷಣವೇ ಬೇಯಿಸಿದ ಮೊಟ್ಟೆಯ ಒಂದು ಚೂರು ಕೊಡಿ. ತಡವಾದರೆ ಯಾವುದಕ್ಕೆ ಕೊಟ್ಟಿರಿ ಅಂತ ಅದಕ್ಕೆ ಗೊತ್ತಾಗಲ್ಲ. ಬೆಳಗ್ಗೆ ಐದು ನಿಮಿಷ, ಸಂಜೆ ಐದು ನಿಮಿಷ ಸಾಕು. ಮೊದಲು ನೀವು ಪಕ್ಕದಲ್ಲಿ, ಆಮೇಲೆ ಎರಡು ಹೆಜ್ಜೆ ದೂರ, ಆಮೇಲೆ ನೀವು ಒಳಗೆ ಅದು ಹೊರಗೆ. ಕರಿಯ ಕಲಿಯೋಕೆ ಸುಮಾರು ಒಂದು ತಿಂಗಳು ಹಿಡಿಯಿತು. ಈಗ ಬಾಗಿಲು ತೆರೆದಿದ್ದರೂ ಹೊಸಿಲಾಚೆ ಮೂತಿ ಇಟ್ಟುಕೊಂಡು ಮಲಗಿರುತ್ತೆ.

ತಟ್ಟೆಯಲ್ಲಿ ಏನಿರಬೇಕು

ರಾಗಿ ಮುದ್ದೆ ನಾಯಿಗೆ ಒಗ್ಗುತ್ತೆ, ಆದರೆ ಮುದ್ದೆ ಒಂದೇ ಸಾಲದು. ಮೊಟ್ಟೆ, ಬೇಯಿಸಿದ ಕೋಳಿಮಾಂಸ, ಮೊಸರು ಏನಾದರೂ ಸೇರಲಿ. ನಮ್ಮ ಬಸ್ಸಾರು, ಉಪ್ಸಾರು, ಬಾಡಿನ ಸಾರು ಮಾತ್ರ ಹಾಕಬೇಡಿ. ಖಾರಕ್ಕಿಂತ ಅದರಲ್ಲಿರುವ ಈರುಳ್ಳಿ, ಬೆಳ್ಳುಳ್ಳಿ ಕೆಟ್ಟದ್ದು. ಅವು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಉಣ್ಣಿ ಜ್ವರದಿಂದ ರಕ್ತ ಕಮ್ಮಿಯಾದ ನಾಯಿಗಂತೂ ಇದು ಎರಡು ಕಡೆ ಹೊಡೆತ. ಒಣದ್ರಾಕ್ಷಿ, ಚಾಕೊಲೇಟ್ ಬೇಡ. ಬೇಯಿಸಿದ ಕೋಳಿಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತೆ. ಮಾಂಸ ಬಿಡಿಸಿ ಮೂಳೆ ಹೂತುಹಾಕಿ.

ಲಸಿಕೆ ಮತ್ತು ರಾತ್ರಿ

ಮರಿಗೆ ಆರರಿಂದ ಎಂಟು ವಾರವಾದಾಗ ಪಾರ್ವೊ, ಡಿಸ್ಟೆಂಪರ್ ಲಸಿಕೆ ಶುರುವಾಗಬೇಕು. ಮೂರರಿಂದ ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರದ ತನಕ ಮತ್ತೆ ಹಾಕಿಸಬೇಕು. ಹುಚ್ಚುನಾಯಿ ರೋಗದ ಲಸಿಕೆ ಮೂರು ತಿಂಗಳಿಗೆ, ಆಮೇಲೆ ವೈದ್ಯರು ಹೇಳಿದಂತೆ ವರ್ಷಾ ವರ್ಷ. ಯಾವುದೇ ನಾಯಿ ಕಚ್ಚಿದರೂ, ಮನೆಯದ್ದೇ ಆದರೂ, ಗಾಯವನ್ನು ಹರಿಯುವ ನೀರು ಮತ್ತು ಸೋಪಿನಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಸುಣ್ಣ, ಅರಿಶಿನ, ಖಾರದ ಪುಡಿ ಮೆತ್ತಿ ಕಾಲ ಕಳೆಯಬೇಡಿ. ರೋಗದ ಲಕ್ಷಣ ಕಂಡ ಮೇಲೆ ಉಳಿಸುವ ಮದ್ದಿಲ್ಲ.

ಬನ್ನೇರುಘಟ್ಟ ಕಾಡಿನ ಅಂಚಿನವರಾದ ನಮಗೆ ಇನ್ನೊಂದು ಮಾತು. ಚಿರತೆಗೆ ನಾಯಿ ಸುಲಭದ ಬೇಟೆ. ಹೊರಗೆ ಸರಪಳಿ ಹಾಕಿ ಕಟ್ಟಿದ ನಾಯಿ ಓಡಲೂ ಆಗದೆ ಸಿಕ್ಕಿಬೀಳುತ್ತೆ. ರಾತ್ರಿ ಬಾಗಿಲು, ಸರಳು ಇರುವ ಗೂಡಿನಲ್ಲಿ ಬಿಡಿ. ಬೊಗಳುವ ಸದ್ದು ಅಲ್ಲಿಂದಲೂ ಕೇಳುತ್ತೆ. ಆನೆ ಬಂದಿದೆ ಅಂತ ಗೊತ್ತಾದಾಗ ನಾಯಿಯನ್ನು ಛೂ ಬಿಡಬೇಡಿ. ಅದು ಬೊಗಳಿ, ಹೆದರಿ, ವಾಪಸ್ ಓಡಿ ಬರುವುದು ನಿಮ್ಮ ಹತ್ತಿರಕ್ಕೇ. ಹಿಂದೆ ಆನೆಯೂ ಬರುತ್ತೆ.

ಕೊನೆಗೆ ಒಂದೇ ಒಂದು ಅಭ್ಯಾಸ ಮಾಡಿಕೊಳ್ಳಿ. ದಿನಕ್ಕೊಮ್ಮೆ ನಾಯಿಯ ತುಟಿ ಎತ್ತಿ ಒಸಡು ನೋಡಿ. ಗುಲಾಬಿ ಬಣ್ಣ ಇದ್ದರೆ ಒಳ್ಳೆಯದು. ಬಿಳಿಚಿದ್ದರೆ, ಮೂಗಲ್ಲಿ ರಕ್ತ ಬಂದರೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ನಾಳೆಗೆ ಅಂತ ಕಾಯಬೇಡಿ. ವೈದ್ಯರ ಎದುರು ಕೂತಾಗ ಮೊದಲ ಮಾತು "ನಮ್ಮನೇಲಿ ಹುಳು ಐತೆ" ಅನ್ನೋದಾಗಿರಲಿ. ಜೇನು ಸಾಕುವವರಿಗೂ ಇದೇ ಮಾತು, ಈ ಔಷಧಿಗಳು ಜೇನುನೊಣವನ್ನೂ ಬಿಡುವುದಿಲ್ಲ. ಹುಳು, ಜೇನು, ನಾಯಿ ಮೂರನ್ನೂ ಒಟ್ಟಿಗೆ ಸಾಕುತ್ತಿರುವವರು ಏನು ಉಪಾಯ ಮಾಡ್ತೀರಿ ಅಂತ ಬರೆದು ತಿಳಿಸಿ, ನಮಗೂ ಕಲಿಯೋದು ಇದೆ.