ಪಣಂಬೂರಿನ ಗೊಬ್ಬರ, ಪರಮಾಣುಗಳ ಲೆಕ್ಕ

ರಾಸಾಯನಿಕ ಸಮೀಕರಣ ಸರಿದೂಗಿಸುವುದೆಂದರೆ ಹತ್ತನೇ ತರಗತಿಯ ಅನೇಕ ಮಕ್ಕಳಿಗೆ ಕಬ್ಬಿಣದ ಕಡಲೆ. ಉತ್ತರವನ್ನು ಬಾಯಿಪಾಠ ಮಾಡಿ ಪರೀಕ್ಷೆಗೆ ಹೋದವರು ಪ್ರಶ್ನೆ ಸ್ವಲ್ಪ ಬದಲಾದರೂ ತಬ್ಬಿಬ್ಬಾಗುತ್ತಾರೆ. ನಿಜಕ್ಕೂ ಇದು ಅಂಗಡಿಯ ಜಮಾಖರ್ಚಿನಷ್ಟೇ ಸರಳ. ಕ್ರಿಯೆಗೆ ಮೊದಲು ಇದ್ದ ಪರಮಾಣುಗಳೆಲ್ಲ ಕ್ರಿಯೆಯ ನಂತರವೂ ಇರಲೇಬೇಕು. ಒಂದೂ ಹೆಚ್ಚಾಗದು, ಒಂದೂ ಕಳೆಯದು. ಫ್ರಾನ್ಸಿನ ವಿಜ್ಞಾನಿ ಲವಾಸಿಯೆ 18ನೇ ಶತಮಾನದಲ್ಲಿ ತಕ್ಕಡಿ ಹಿಡಿದು ತೋರಿಸಿಕೊಟ್ಟ ದ್ರವ್ಯರಾಶಿ ಸಂರಕ್ಷಣಾ ನಿಯಮಕ್ಕೆ ಕಾರಣ ಇದೇ.

ಮಂಗಳೂರಿನ ಮಕ್ಕಳಿಗೆ ಇದರ ಉದಾಹರಣೆ ದೂರದಲ್ಲಿಲ್ಲ. ಪಣಂಬೂರಿನ ಎಂ.ಸಿ.ಎಫ್. ಕಾರ್ಖಾನೆ 1976ರಲ್ಲಿ ಯೂರಿಯಾ ಉತ್ಪಾದನೆ ಆರಂಭಿಸಿತು. ಗಾಳಿಯಲ್ಲಿರುವ ನೈಟ್ರೋಜನ್ ಜೊತೆ ಹೈಡ್ರೋಜನ್ ಸೇರಿಸಿ ಮೊದಲು ಅಮೋನಿಯಾ ಪಡೆಯುತ್ತಾರೆ. ಹೈಡ್ರೋಜನ್‌ಗಾಗಿ ಹಿಂದೆ ನಾಫ್ತಾ ಬೇಕಿತ್ತು. 2021ರ ಜನವರಿಯಲ್ಲಿ ಉದ್ಘಾಟನೆಯಾದ ಕೊಚ್ಚಿ–ಮಂಗಳೂರು ಕೊಳವೆ ಮಾರ್ಗ ನೈಸರ್ಗಿಕ ಅನಿಲವನ್ನು ತಂದಿತು. ಕಚ್ಚಾವಸ್ತು ಬದಲಾಯಿತು, ಅಮೋನಿಯಾದ ಲೆಕ್ಕ ಬದಲಾಗಲಿಲ್ಲ.

ಎನ್₂ + ಎಚ್₂ → ಎನ್‌ಎಚ್₃

ಎಡಗಡೆ ಎರಡು ನೈಟ್ರೋಜನ್, ಬಲಗಡೆ ಒಂದೇ. ಆದ್ದರಿಂದ ಅಮೋನಿಯಾದ ಹಿಂದೆ 2 ಬರೆಯೋಣ. ಈಗ ಬಲಗಡೆ ಆರು ಹೈಡ್ರೋಜನ್, ಎಡಗಡೆ ಎರಡು. ಅಲ್ಲಿ 3 ಬರೆದರೆ ಲೆಕ್ಕ ಸರಿ:

ಎನ್₂ + 3ಎಚ್₂ → 2ಎನ್‌ಎಚ್₃

ಕಾರ್ಖಾನೆಯಲ್ಲೂ ಅನಿಲಗಳನ್ನು ಬೆರೆಸುವುದು ಈ ಒಂದಕ್ಕೆ ಮೂರರ ಪ್ರಮಾಣದಲ್ಲೇ.

ಮಕ್ಕಳು ಎಡವುವುದು ಒಂದೇ ಕಡೆ. ಅಂಕಿಯನ್ನು ಸೂತ್ರದ ಎಡಕ್ಕೆ ಬರೆಯುವ ಬದಲು ಸೂತ್ರದೊಳಗಿನ ಪುಟ್ಟ ಅಂಕಿಯನ್ನೇ ತಿದ್ದಿಬಿಡುತ್ತಾರೆ. ನೀರಿನ ಸೂತ್ರ ಎಚ್₂ಓ. ಆಕ್ಸಿಜನ್ ಸಾಲದೆಂದು ಅದನ್ನು ಎಚ್₂ಓ₂ ಎಂದು ತಿದ್ದಿದರೆ ಅದು ನೀರಾಗಿ ಉಳಿಯುವುದಿಲ್ಲ. ಗಾಯದ ಮೇಲೆ ಸುರಿದರೆ ನೊರೆಯೇಳುವ ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ! ಹೊರಗಿನ ಅಂಕಿ ಬದಲಾದರೆ ಪ್ರಮಾಣ ಬದಲಾದೀತು, ಒಳಗಿನದು ಬದಲಾದರೆ ವಸ್ತುವೇ ಬೇರೆ.

ಮುಂದೆ ಎರಡು ಅಣು ಅಮೋನಿಯಾ, ಒಂದು ಅಣು ಕಾರ್ಬನ್ ಡೈಆಕ್ಸೈಡ್ ಸೇರಿ ಒಂದು ಅಣು ಯೂರಿಯಾ ಮತ್ತು ಒಂದು ಅಣು ನೀರು ಆಗುತ್ತವೆ. ತೂಕ ನೋಡಿ: 34 ಕಿಲೋ ಅಮೋನಿಯಾ, 44 ಕಿಲೋ ಕಾರ್ಬನ್ ಡೈಆಕ್ಸೈಡ್ ಪೂರ್ತಿ ಕೂಡಿದರೆ 60 ಕಿಲೋ ಯೂರಿಯಾ, 18 ಕಿಲೋ ನೀರು. ಎರಡೂ ಕಡೆ 78! ಆ 60ರಲ್ಲಿ ನೈಟ್ರೋಜನ್ 28, ಅಂದರೆ ಶೇ. 46ಕ್ಕಿಂತ ತುಸು ಹೆಚ್ಚು. ಯೂರಿಯಾ ಚೀಲದ ಮೇಲೆ ಕಾಣುವ 46 ಬಂದದ್ದು ಹೀಗೆ.

ಪೋಷಕರು ಮನೆಯಲ್ಲೇ ಇದನ್ನು ಮಾಡಿ ತೋರಿಸಬಹುದು. ಎರಡು ಕಡಲೆಕಾಳು ನೈಟ್ರೋಜನ್, ಆರು ಹೆಸರುಕಾಳು ಹೈಡ್ರೋಜನ್ ಎಂದಿಟ್ಟುಕೊಂಡು ಒಂದು ಕಡಲೆಗೆ ಮೂರು ಹೆಸರಿನಂತೆ ಎರಡು ಪಾಲು ಮಾಡಿಸಿ. ಕಾಳು ಮಿಗಬಾರದು, ಸಾಲದೆ ಬರಬಾರದು. ಕೈಯಾರೆ ಎಣಿಸಿದ ಈ ಲೆಕ್ಕವನ್ನು ಮಕ್ಕಳು ಸುಲಭವಾಗಿ ಮರೆಯಲಾರರು.